ಮೇಣದ ಟ್ರ್ಯಾಕ್, ಫೋನಿನ ಬಾಜಿ

ಪ್ರಶ್ನೆ: ದಿಲ್‌ಸುಖ್‌ನಗರದಲ್ಲಿದ್ದೇನೆ. ವಿದೇಶದ ಕೃತಕ ಟ್ರ್ಯಾಕ್‌ಗಳ ಕುದುರೆ ರೇಸುಗಳಿಗೆ ಲೆಕ್ಕ ಹಾಕಿ ಆ್ಯಪ್‌ನಲ್ಲಿ ಬಾಜಿ ಕಟ್ಟಿ ಸಾಲವಾಗಿದೆ. ಏನು ಮಾಡಲಿ?

ವಕೀಲರ ಉತ್ತರ: ಮೊದಲು ಆ್ಯಪ್ ತೆಗೆದುಹಾಕಿ. ಕುದುರೆ ರೇಸು ಕೌಶಲದ ಆಟವೆಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿದ್ದು ನಿಜ. ಆದರೆ ನಿಮ್ಮ ರಾಜ್ಯ ತೆಲಂಗಾಣ 2017ರಲ್ಲೇ ಆನ್‌ಲೈನ್ ಬಾಜಿ ನಿಷೇಧಿಸಿದೆ, ಆ ತೀರ್ಪಿನ ನೆರಳು ನಿಮ್ಮ ಫೋನಿಗೆ ಸಿಗದು. ಕೃತಕ ಟ್ರ್ಯಾಕ್‌ನ ಮೇಣ ಬೆರೆತ ಮರಳು ಮಳೆಗೆ ಅಷ್ಟಾಗಿ ಬದಲಾಗದು, ಲೆಕ್ಕ ಸುಲಭ ಎಂದು ನೀವು ಹೇಳಬಹುದು. ನಿಮಗೆ ಸುಲಭವಾದದ್ದು ಉಳಿದವರಿಗೂ ಸುಲಭವೇ. ಬಾಜಿಯ ದರದಲ್ಲಿ ಅದು ಆಗಲೇ ಸೇರಿರುತ್ತದೆ. ದುಬೈನ ಮೇದಾನ್ ರೇಸ್‌ಕೋರ್ಸ್ 2010ರಲ್ಲಿ ಹಾಸಿದ ಟ್ಯಾಪೆಟಾ ಎಂಬ ಮೇಣದ ಟ್ರ್ಯಾಕನ್ನು 2014ರಲ್ಲಿ ಕಿತ್ತಿತು. ಹಳೆಯ ಅಂಕಿಗಳು ಅಲ್ಲಿಗೇ ಮಣ್ಣುಪಾಲು. ಪಕ್ಕದ ಮಲಕ್‌ಪೇಟೆ ರೇಸ್‌ಕೋರ್ಸ್‌ನ ಟೋಟ್ (ಅಲ್ಲಿನ ಅಧಿಕೃತ ಬಾಜಿ) ಕಾನೂನುಬದ್ಧ, ಆದರೆ ಸಾಲ ತೀರುವವರೆಗೆ ಅದೂ ಬೇಡ. ಬ್ಯಾಂಕ್ ಸ್ಟೇಟ್‌ಮೆಂಟ್ ಜೋಡಿಸಿಡಿ. ನೋಟಿಸ್ ಬಂದರೆ ಅದರೊಂದಿಗೆ ವಕೀಲರನ್ನು ಕಾಣಿ. ಕೈ ತಡೆಯದಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ.