ಪಕ್ಕದ ಹಲ್ಲಿನ ಜಾಮೀನು

ಹೋದದ್ದು ಒಂದು ಹಲ್ಲು, ದುಡ್ಡು ಕೇಳುವುದು ಮೂರು ಹಲ್ಲಿಗೆ. ಬ್ರಿಡ್ಜ್ ಕಟ್ಟಿಸಲು ಹೋದವರು ಮೊದಲು ಬೆಚ್ಚುವುದು ಇಲ್ಲೇ. ಡಾಕ್ಟರು ಮೋಸವನ್ನೇನೂ ಮಾಡುತ್ತಿರುವುದಿಲ್ಲ. ಬ್ರಿಡ್ಜಿನ ದರ ನಡೆಯುವುದೇ ಯೂನಿಟ್ ಲೆಕ್ಕದಲ್ಲಿ. ಖಾಲಿ ಜಾಗದಲ್ಲಿ ಹೊಸ ಹಲ್ಲು ನಿಲ್ಲಬೇಕಾದರೆ ಎಡಬಲದ ಎರಡು ಹಲ್ಲುಗಳನ್ನು ಅರೆದು ಸಣ್ಣದು ಮಾಡಿ, ಅವಕ್ಕೆ ಕ್ಯಾಪ್ ತೊಡಿಸಿ, ಮೂರನ್ನೂ ಒಂದೇ ತುಂಡಾಗಿ ಅಂಟಿಸಬೇಕು. ಹಾಗಾಗಿ ಮೂರು ಯೂನಿಟ್.

ನನ್ನ ಕೆಳದವಡೆಯ ಹಲ್ಲೊಂದು ಸೀಳಿ ಹೋಗಿ ಕೀಳಿಸಬೇಕಾಯಿತು. ಅದೇ ವರ್ಷ ಅಮ್ಮನದೊಂದು ಹೋಯಿತು, ಅಪ್ಪನದೊಂದು. ಮೈಸೂರಿನಲ್ಲಿ ನಾನು ವಿಚಾರಿಸಿದ ಕಡೆಗಳಲ್ಲಿ ಒಳಗೆ ಲೋಹ, ಮೇಲೆ ಪಿಂಗಾಣಿ ಇರುವ ಮಾಮೂಲಿ ಕ್ಯಾಪಿಗೆ ಯೂನಿಟ್ಟಿಗೆ 4,000ದಿಂದ 6,000 ರೂಪಾಯಿ ಹೇಳಿದರು. ಜಿರ್ಕೋನಿಯಾ ಆದರೆ 9,000ದಿಂದ 15,000. ಅಂದರೆ ಒಂದೇ ಹಲ್ಲಿನ ಜಾಗಕ್ಕೆ ಬ್ರಿಡ್ಜ್ 12,000ಕ್ಕೂ ಆಗುತ್ತದೆ, 45,000ಕ್ಕೂ ಆಗುತ್ತದೆ. ದವಡೆ ಮೂಳೆಗೆ ಟೈಟೇನಿಯಂ ತಿರುಪು ಕೂರಿಸಿ ಅದರ ಮೇಲೆ ಕ್ಯಾಪ್ ಹಾಕುವ ಇಂಪ್ಲಾಂಟ್‌ಗೆ 28,000ದಿಂದ 50,000. ರಾತ್ರಿ ತೆಗೆದಿಟ್ಟು ಬೆಳಗ್ಗೆ ಹಾಕಿಕೊಳ್ಳುವ ಅಕ್ರಿಲಿಕ್ ಹಲ್ಲು ಎರಡು ಸಾವಿರದೊಳಗೆ.

ಈ ಅಂಕಿಗಳನ್ನು ಸಾಲಾಗಿ ಬರೆದಿಟ್ಟು ನೋಡಿದರೆ ಮಾಮೂಲಿ ಬ್ರಿಡ್ಜೇ ಬುದ್ಧಿವಂತರ ಆಯ್ಕೆ ಎನಿಸುತ್ತದೆ. ಆದರೆ ಪಟ್ಟಿಯಲ್ಲಿ ಕಾಣದ ಒಂದು ಖರ್ಚಿದೆ. ಸೊಸೈಟಿಯಲ್ಲಿ ಸಾಲ ಕೇಳಿದರೆ ಇಬ್ಬರ ಜಾಮೀನು ಕೇಳುತ್ತಾರಲ್ಲ, ಬ್ರಿಡ್ಜ್ ಕೂಡ ಹಾಗೇ ಪಕ್ಕದ ಎರಡು ಹಲ್ಲುಗಳಿಂದ ಸಹಿ ಹಾಕಿಸಿಕೊಳ್ಳುತ್ತದೆ. ಒಮ್ಮೆ ಅರೆದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ಒಳ್ಳೆಯ ಬ್ರಿಡ್ಜ್ ಹತ್ತು ಹದಿನೈದು ವರ್ಷ ಬಾಳುತ್ತದೆ, ಸರಿ. ಆದರೆ ಅದು ಸೋಲುವುದು ಸಾಮಾನ್ಯವಾಗಿ ನಡುವಿನ ಹಲ್ಲು ಮುರಿದು ಅಲ್ಲ; ಕ್ಯಾಪಿನ ಅಂಚಿನ ಕೆಳಗೆ ಜಾಮೀನುದಾರ ಹಲ್ಲು ಹುಳುಕಾಗಿ. ಮೂರೂ ಒಂದಕ್ಕೊಂದು ಅಂಟಿರುವುದರಿಂದ ನಡುವೆ ಮಾಮೂಲಿಯಾಗಿ ದಾರ ಹಾಯಿಸಿ ಚೊಕ್ಕ ಮಾಡಲಾಗದು. ಅಡಿಯಿಂದ ತೂರಿಸುವ ವಿಶೇಷ ದಾರವೋ ಸಣ್ಣ ಬ್ರಷ್ಷೋ ಬೇಕು. ದಿನಾ ಅದನ್ನು ಮಾಡುವವರು ಎಷ್ಟು ಜನ? ಆ ಪಕ್ಕದ ಹಲ್ಲೂ ಹೋಯಿತೆನ್ನಿ, ಆಗ ಖಾಲಿ ಜಾಗ ಎರಡು ಹಲ್ಲಿನದು. ಕಟ್ಟಿಸಬೇಕಾದ್ದು ಕನಿಷ್ಠ ನಾಲ್ಕು ಯೂನಿಟ್ಟು, ಅದಕ್ಕೆ ಮತ್ತೊಂದು ಗಟ್ಟಿ ಹಲ್ಲಿನ ಜಾಮೀನು ಬೇರೆ. ಮೊದಲ ಸಲದ 15,000ವನ್ನು ಹತ್ತು ವರ್ಷಕ್ಕೆ ಹಂಚಿ ‘ವರ್ಷಕ್ಕೆ ಒಂದೂವರೆ ಸಾವಿರ ತಾನೆ’ ಎಂದು ಸಮಾಧಾನ ಪಟ್ಟುಕೊಳ್ಳುವವರು ಈ ಎರಡನೇ ಸುತ್ತನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ಆದ್ದರಿಂದ ದರ ಕೇಳುವ ಮೊದಲು ನಾನು ಕೇಳುವುದು ಒಂದೇ: ಪಕ್ಕದ ಹಲ್ಲುಗಳು ಹೇಗಿವೆ?

ನನ್ನವು ಗಟ್ಟಿಯಾಗಿದ್ದವು, ಒಂದು ಫಿಲ್ಲಿಂಗೂ ಇರಲಿಲ್ಲ. “ಇವನ್ನ ಅರೆಯೋಕೆ ನನಗೇ ಮನಸ್ಸು ಬರಲ್ಲ ಸರ್” ಎಂದರು ಡಾಕ್ಟರು. ಇಂಪ್ಲಾಂಟ್ ಹಾಕಿಸಿದೆ. ಮೂಳೆ ಮತ್ತು ಟೈಟೇನಿಯಂ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ ಎಂಬುದು ತಿಳಿದದ್ದೇ ಒಂದು ಆಕಸ್ಮಿಕ. ಸ್ವೀಡನ್ನಿನ ಬ್ರೋನೆಮಾರ್ಕ್ ಎಂಬ ಸಂಶೋಧಕರು 1950ರ ದಶಕದಲ್ಲಿ ಮೊಲದ ಕಾಲಿನ ಮೂಳೆಯ ರಕ್ತಸಂಚಾರ ನೋಡಲು ಟೈಟೇನಿಯಂ ಸಾಧನವೊಂದನ್ನು ಕೂರಿಸಿದ್ದರು. ಆಮೇಲೆ ಬಿಚ್ಚಲು ಹೋದರೆ ಅದು ಬರಲೇ ಇಲ್ಲ. 1965ರಲ್ಲಿ ಮೊದಲ ಬಾರಿಗೆ ಮನುಷ್ಯರ ದವಡೆಗೆ ಹಾಕಿದರು. ಹಾಗೆ ಬೆಸೆಯಲು ಕೆಲವು ತಿಂಗಳು ಬೇಕು. ತಿರುಪಿಗೆ ಈಗ ಕೊಟ್ಟರೆ ಕ್ಯಾಪಿಗೆ ಮೂರು ನಾಲ್ಕು ತಿಂಗಳ ಮೇಲೆ ಕೊಟ್ಟರಾಯಿತು. ಸಂಬಳದವನಿಗೆ ಇದೇ ದೊಡ್ಡ ಅನುಕೂಲ, ಬಡ್ಡಿಯಿಲ್ಲದ ಕಂತು. ಒಂದು ಕ್ಲಿನಿಕ್ಕಿನಲ್ಲಿ ‘ನೋ ಕಾಸ್ಟ್ ಇಎಂಐ’ ಮಾಡಿಕೊಡುತ್ತೇವೆ ಎಂದರು. ಒಟ್ಟಿಗೇ ಕೊಟ್ಟರೆ ಎಷ್ಟು ಬಿಡುತ್ತೀರಿ ಎಂದು ಕೇಳಿದಾಗ ಬಡ್ಡಿ ಎಲ್ಲಿ ಅಡಗಿದೆ ಎಂಬುದು ಗೊತ್ತಾಯಿತು.

ಇಂಪ್ಲಾಂಟ್‌ನ ಚೀಟಿಯನ್ನು ಮಾತ್ರ ಕಣ್ಣಲ್ಲಿ ಕಣ್ಣಿಟ್ಟು ಓದಬೇಕು. ಜಾಹೀರಾತಿನ 18,000 ಬರೀ ತಿರುಪಿನದಾಗಿರಬಹುದು. ತಿರುಪಿಗೂ ಕ್ಯಾಪಿಗೂ ನಡುವಿನ ಅಬಟ್‌ಮೆಂಟ್, ಮೇಲಿನ ಕ್ಯಾಪ್, ಮೂಳೆ ನೋಡುವ ಸ್ಕ್ಯಾನ್, ಮೂಳೆ ಸವೆದಿದ್ದರೆ ತುಂಬಿಸುವ ಗ್ರಾಫ್ಟ್ ಎಲ್ಲ ಸೇರಿದೆಯೇ ಎಂದು ಬರೆಸಿಕೊಳ್ಳಿ. ಹಲ್ಲು ಕೀಳಿಸಿದ ಜಾಗದ ಮೂಳೆ ಕಾಲ ಕಳೆದಂತೆ ಕರಗುತ್ತದೆ. ಆಮೇಲೆ ನೋಡೋಣ ಎಂದು ವರ್ಷಗಟ್ಟಲೆ ಬಿಟ್ಟವರಿಗೆ ಗ್ರಾಫ್ಟ್ ಖರ್ಚು ಬೀಳುವುದು ಅದರಿಂದಲೇ.

ಅಮ್ಮನ ವಿಷಯ ಬೇರೆ. ಅವರ ಎರಡೂ ಪಕ್ಕದ ಹಲ್ಲುಗಳಿಗೆ ಎಂದೋ ರೂಟ್ ಕೆನಾಲ್ ಆಗಿ ಕ್ಯಾಪ್ ಕೂತಿತ್ತು. ಅರೆದು ಕಳೆದುಕೊಳ್ಳುವಂಥದ್ದು ಅಲ್ಲಿ ಏನೂ ಉಳಿದಿರಲಿಲ್ಲ. ಮೇಲಾಗಿ ಸಕ್ಕರೆ ಹತೋಟಿಗೆ ಬಾರದ ಮೈ. ಅಂಥವರಿಗೆ ಇಂಪ್ಲಾಂಟ್ ಕೈಕೊಡುವ ಅಪಾಯ ಹೆಚ್ಚು. ಮಾಮೂಲಿ ಬ್ರಿಡ್ಜೇ ಸರಿ ಎಂದಾಯಿತು. ಜಿರ್ಕೋನಿಯಾ ಜೊತೆ ಹದಿನೈದು ವರ್ಷದ ವಾರಂಟಿ ಕಾರ್ಡ್ ಬರುತ್ತದೆ ಎಂದು ತೋರಿಸಿದರು. ಆ ಕಾರ್ಡು ಕ್ಯಾಪ್ ಒಡೆದರೆ ಮಾತ್ರ, ಒಳಗಿನ ಹಲ್ಲು ಹುಳುಕಾದರೆ ಅಲ್ಲ. “ಹಿಂದಿನ ಹಲ್ಲು ಯಾರಿಗೆ ಕಾಣ್ಬೇಕಪ್ಪ, ಅಗಿಯೋಕೆ ಬಂದ್ರೆ ಸಾಕು” ಎಂದರು ಅಮ್ಮ. ಅಷ್ಟರಲ್ಲೇ 20,000 ಉಳಿಯಿತು.

ವಿಮೆಯನ್ನು ನಂಬಿ ಕೂರಬೇಡಿ. ಅಪಘಾತವಾಗಿ ಆಸ್ಪತ್ರೆ ಸೇರಿದ ಹೊರತು ಸಾಮಾನ್ಯ ಆರೋಗ್ಯ ಪಾಲಿಸಿಗಳು ಹಲ್ಲಿನ ಖರ್ಚು ಕೊಡುವುದಿಲ್ಲ. ಆದರೆ 60 ದಾಟಿದ, ಆರೋಗ್ಯ ವಿಮೆಯೇ ಇಲ್ಲದ ತಂದೆತಾಯಿಯ ಚಿಕಿತ್ಸೆಗೆ ಮಕ್ಕಳು ಕೊಟ್ಟ ಹಣಕ್ಕೆ ಆದಾಯ ತೆರಿಗೆ ಲೆಕ್ಕದಲ್ಲಿ ವರ್ಷಕ್ಕೆ 50,000ದವರೆಗೆ ವಿನಾಯಿತಿಯಿದೆ. 80ಡಿ ಎಂದು ನಮಗೆ ರೂಢಿಯಾದದ್ದು. ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ, ನಗದು ಕೊಟ್ಟಿದ್ದರೆ ಇಲ್ಲ. ಅಮ್ಮನ ಬ್ರಿಡ್ಜಿಗೆ ಯುಪಿಐನಲ್ಲಿ ಕೊಟ್ಟು ರಸೀದಿ ಹಿಡಿದು ಬಂದದ್ದು ಇದಕ್ಕಾಗಿ.

ಇಷ್ಟೂ ಕೈಗೆಟುಕದವರಿಗೆ ನಮ್ಮ ರಾಜ್ಯದಲ್ಲಿ ದಾರಿಗಳಿಲ್ಲದಿಲ್ಲ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು ಇದೆ. ಮೈಸೂರು, ದಾವಣಗೆರೆ, ಧಾರವಾಡ, ಮಂಗಳೂರು, ಮಣಿಪಾಲದಲ್ಲೆಲ್ಲ ದಂತ ಕಾಲೇಜುಗಳಿವೆ. ಅಲ್ಲಿ ವಿದ್ಯಾರ್ಥಿಗಳು ಪ್ರಾಧ್ಯಾಪಕರ ಕಣ್ಣೆದುರಿಗೆ ಮಾಡುವ ಕೆಲಸಕ್ಕೆ ಹೊರಗಿನದಕ್ಕಿಂತ ತುಂಬಾ ಕಡಿಮೆ. ಒಂದೊಂದು ಹಂತಕ್ಕೂ ಪ್ರಾಧ್ಯಾಪಕರೇ ನೋಡಿ ಒಪ್ಪಬೇಕು, ಹಾಗಾಗಿ ಹೋದಾಗಲೆಲ್ಲ ಅರ್ಧ ದಿನ ಕಳೆಯುತ್ತದೆ. ಪಿಂಚಣಿದಾರರಿಗೆ ಅದು ನಷ್ಟವೇ ಅಲ್ಲ. ದಿನಗೂಲಿಯವರು ಕಳೆದ ಕೂಲಿಯನ್ನೂ ಬಸ್ ಚಾರ್ಜನ್ನೂ ಕೂಡಿ ನೋಡಬೇಕು. ಬಿಪಿಎಲ್ ಕಾರ್ಡಿನ ಹಿರಿಯರಿಗೆ ಹಲ್ಲಿನ ಸೆಟ್ಟು ಉಚಿತವಾಗಿ ಕೊಡಲೆಂದೇ ಸರ್ಕಾರ ದಂತಭಾಗ್ಯ ಯೋಜನೆ ತಂದಿತು. ಜಿಲ್ಲಾಸ್ಪತ್ರೆಯ ದಂತ ವಿಭಾಗದಲ್ಲಿ ವಿಚಾರಿಸಿ.

ಯಾವ ದರಪಟ್ಟಿಯಲ್ಲೂ ಇಲ್ಲದ ಇನ್ನೊಂದು ಆಯ್ಕೆಯಿದೆ: ಏನೂ ಮಾಡಿಸದಿರುವುದು. ಹಲ್ಲು ಹೋದದ್ದು ಸಾಲಿನ ನಡುವಿನಲ್ಲಾದರೆ ಇದು ಸಲ್ಲ. ಅಕ್ಕಪಕ್ಕದವು ಆ ಕಡೆ ವಾಲುತ್ತವೆ, ಎದುರಿನದು ಉದ್ದವಾಗಿ ಖಾಲಿ ಜಾಗಕ್ಕೆ ಚಾಚುತ್ತದೆ. ಆದರೆ ಅಪ್ಪನದು ಹೋಗಿದ್ದು ಮೇಲ್ದವಡೆಯ ಕಟ್ಟಕಡೆಯ ಹಲ್ಲು. ಹಿಂದಿನ ದವಡೆ ಹಲ್ಲುಗಳು ಇಲ್ಲದೆಯೂ, ಒಳ್ಳೆಯ ಇಪ್ಪತ್ತು ಹಲ್ಲು ಉಳಿದಿದ್ದರೆ ಬಹಳ ಜನರಿಗೆ ಊಟ ಸಲೀಸಾಗಿ ಸಾಗುತ್ತದೆ ಎಂದು ನೆದರ್ಲೆಂಡಿನ ಕೈಸರ್ ಎಂಬ ದಂತತಜ್ಞರು 1981ರಲ್ಲೇ ಬರೆದಿದ್ದರು. ನಮ್ಮ ಡಾಕ್ಟರೂ ಹಾಗೇ ಹೇಳಿ, ಎದುರಿನ ಹಲ್ಲು ಮೇಲೇಳುತ್ತಿದೆಯೇ ನೋಡಲು ವರ್ಷಕ್ಕೊಮ್ಮೆ ಬನ್ನಿ, ಜೊತೆಗೆ ಕ್ಲೀನಿಂಗ್ ಮಾಡಿಸಿಕೊಳ್ಳಿ ಎಂದರು. ಕ್ಲೀನಿಂಗ್‌ಗೆ 1,000 ರೂಪಾಯಿ. “ಒಂದು ಹಲ್ಲು ಕಮ್ಮಿ ಇದೆಯಲ್ಲ, ಸ್ವಲ್ಪ ಬಿಡಿ ಡಾಕ್ಟ್ರೇ” ಎಂದು ಅಪ್ಪ ಚೌಕಾಸಿ ಮಾಡಿ 900ಕ್ಕೆ ಇಳಿಸಿದರು.