ಬಯಲಲ್ಲಿ ಒಂಟಿ ನಡಿಗೆ: ಒಂದು ಹಗಲು ಗೆಲ್ಲಲು ಒಂಬತ್ತು ಸೂತ್ರ

ಬೆಟ್ಟಕ್ಕೆ ತುದಿಯಿದೆ, ಅದನ್ನು ಮುಟ್ಟಿದವರು ಇಳಿಯಲೇಬೇಕು. ಬಯಲಿಗೆ ತುದಿಯಿಲ್ಲ. ಬಾಬಾಬುಡನ್ ಬೆಟ್ಟಸಾಲು ಮುಂಗಾರಿನ ಮೋಡವನ್ನು ತಡೆದು ನಿಲ್ಲಿಸುವುದರಿಂದ ಅದರ ಪೂರ್ವಕ್ಕಿರುವ ಕಡೂರು, ಅಜ್ಜಂಪುರದ ಕಡೆ ನೆರಳೂ ನೀರೂ ಅಪರೂಪ. ಇಲ್ಲಿ ದಿನವಿಡೀ ಒಬ್ಬರೇ ನಡೆಯುವವರು ಎಲ್ಲಿ ನಿಲ್ಲಬೇಕು, ಎಲ್ಲಿ ತಿರುಗಬೇಕು ಎಂಬುದನ್ನು ತಾವೇ ಗೊತ್ತುಮಾಡಿಕೊಳ್ಳಬೇಕು. ಅದನ್ನು ಕಲಿಸುವ ಸೂತ್ರಗಳು ಇವು.

1. ಅಮೃತಾಪುರದಲ್ಲಿ ಕಾಲು ಪಳಗಿಸಿ. ತರೀಕೆರೆಯಿಂದ ಅಮೃತಾಪುರಕ್ಕೆ ಸುಮಾರು 10 ಕಿ.ಮೀ. ಬೆಳಗ್ಗೆ ಹೋಗಿ ಸಂಜೆಗೆ ನಡೆದೇ ಬನ್ನಿ. ದಾರಿಯಲ್ಲಿ ಊರುಗಳಿವೆ, ಸುಸ್ತಾದರೆ ಬಸ್ಸಿದೆ. ನಡುಹಗಲನ್ನು ಅಮೃತೇಶ್ವರ ದೇವಾಲಯದಲ್ಲಿ ಕಳೆಯಿರಿ. ಹೊಯ್ಸಳ ದೊರೆ ಎರಡನೇ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ ಗುಡಿಯದು. ಮಂಟಪದ ಸುತ್ತ ರಾಮಾಯಣ, ಭಾಗವತ, ಮಹಾಭಾರತದ 140 ಫಲಕಗಳಿವೆ. ಮರುದಿನ ಕಾಲು ನೋಯದಿದ್ದರೆ ದೊಡ್ಡ ಬಯಲಿಗೆ ನೀವು ಸಿದ್ಧ.

2. ಮಾಗಿಯಲ್ಲಿ ಹೊರಡಿ. ನವೆಂಬರ್ ಕೊನೆಯಿಂದ ಜನವರಿ ಮುಗಿಯುವತನಕ ಒಳ್ಳೆಯ ಕಾಲ. ಶಿವರಾತ್ರಿ ಕಳೆದ ಮೇಲೆ ದಿನಪೂರ್ತಿ ನಡಿಗೆಯ ಆಸೆ ಬಿಡಿ. ಬೆಳಕು ಹರಿಯುವಾಗಲೇ ಹೆಜ್ಜೆ ಹಾಕಿದರೆ ಹನ್ನೊಂದರೊಳಗೆ ಸಾಕಷ್ಟು ದಾರಿ ಸಾಗುತ್ತದೆ.

3. ಹೇಳಿ ಹೋಗಿ, ಕೇಳಿ ಹೋಗಿ. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ಸು ಎಂಬುದನ್ನು ಮನೆಯಲ್ಲಿ ಬರೆದಿಡಿ. ಕಡೂರು ತಾಲ್ಲೂಕಿನ ಬಾಸೂರು ಕಾವಲು ಎಂಬ ಹುಲ್ಲುಗಾವಲು ಕೃಷ್ಣಮೃಗಗಳಿಗಾಗಿ 2011ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಣೆಯಾದ ನೆಲ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅದರೊಳಗೆ ಕಾಲಿಡಬೇಡಿ. ಬೇರೆಡೆಯೂ ದನ, ಕುರಿ ಕಾಯುವವರು ಕಂಡರೆ ಎರಡು ನಿಮಿಷ ನಿಂತು ಮಾತಾಡಿಸಿ. ಯಾವ ಕಟ್ಟೆಯಲ್ಲಿ ನೀರಿದೆ, ಯಾವ ದಾರಿ ಹಳ್ಳದಲ್ಲಿ ಮುಗಿಯುತ್ತದೆ ಎಂಬುದು ಯಾವ ನಕ್ಷೆಗಿಂತಲೂ ಅವರಿಗೆ ಚೆನ್ನಾಗಿ ಗೊತ್ತು.

4. ನೀರನ್ನು ಗಡಿಯಾರ ಮಾಡಿಕೊಳ್ಳಿ. ಒಬ್ಬರಿಗೆ 4 ಲೀಟರ್, ಎರಡು ಮೂರು ಬಾಟಲಿಗಳಲ್ಲಿ ಹಂಚಿ ಒಯ್ಯಿರಿ. ಒಂದು ಸೋರಿದರೂ ಇನ್ನೊಂದು ಉಳಿಯುತ್ತದೆ. ಬಾಯಾರುವ ಮೊದಲೇ ಗುಟುಕು ಗುಟುಕಾಗಿ ಕುಡಿಯಿರಿ. ಬುತ್ತಿಗೆ ರಾಗಿ ರೊಟ್ಟಿ, ಶೇಂಗಾ ಚಟ್ನಿ, ಒಂದು ಅಚ್ಚು ಬೆಲ್ಲ. ಬೆವರಲ್ಲಿ ಹೋದ ಉಪ್ಪಿಗೆ ಉಪ್ಪು ಬೆರೆಸಿದ ಮಜ್ಜಿಗೆ.

5. ತಲೆ, ಕಾಲು ಎರಡನ್ನೂ ಕಾಪಾಡಿ. ತಲೆಗೆ ಒದ್ದೆ ಟವೆಲ್ಲಿನ ಪೇಟ, ತುಂಬು ತೋಳಿನ ಹತ್ತಿ ಅಂಗಿ. ಜಾಲಿಮುಳ್ಳು ಚಪ್ಪಲಿಯನ್ನು ತೂರಿ ಬರುತ್ತದೆ, ದಪ್ಪ ಅಟ್ಟೆಯ ಬೂಟೇ ಬೇಕು. ಹುಲ್ಲು ಎತ್ತರವಿದ್ದಲ್ಲಿ ಕೋಲು ತಟ್ಟುತ್ತಾ ಸಾಗಿ, ಕೊಳಕುಮಂಡಲ ಇರುವ ಸೀಮೆಯಿದು. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಬೇಡ. ಅಲುಗಾಡದೆ ಕೂತು 108ಕ್ಕೆ ಕರೆ ಮಾಡಿ.

6. ಕಣ್ಣಿನ ಅಳತೆ ನಂಬಬೇಡಿ. ಸಮತಟ್ಟು ನೆಲದಲ್ಲಿ ನಿಂತವರಿಗೆ ದಿಗಂತ ಸುಮಾರು 5 ಕಿ.ಮೀ. ದೂರ. ಅದರಾಚೆಯ ತೆಂಗಿನ ತೋಟದ ತಲೆಯೂ ಪಕ್ಕದಲ್ಲೇ ಇದ್ದಂತೆ ಕಾಣುತ್ತದೆ. ಅರ್ಧ ಗಂಟೆಯ ದಾರಿ ಎಂದುಕೊಂಡು ಹೊರಟ ತೋಪೊಂದು ನನ್ನನ್ನು ಒಂದೂವರೆ ಗಂಟೆ ನಡೆಸಿತ್ತು. ಗಂಟೆಗೆ 4 ಕಿ.ಮೀ. ಎಂದು ಹಿಡಿದು ಗಡಿಯಾರದಿಂದಲೇ ಅಳೆಯಿರಿ. ದಿಕ್ಕಿಗೆ ಕಡೂರು ಬಯಲಿನ ಪಶ್ಚಿಮದ ಬೆಟ್ಟಸಾಲು ಸಾಕು. ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ ಇರುವುದು ಅದರಲ್ಲೇ.

7. ಗುಡುಗು ಕೇಳಿದರೆ ನಡಿಗೆ ಮುಗಿಯಿತು. ಬಯಲಲ್ಲಿ ನಿಂತ ಮನುಷ್ಯನೇ ಎತ್ತರದ ವಸ್ತು. ಒಂಟಿ ಮರದಡಿ ಓಡಬೇಡಿ. ಸಮೀಪದ ಪಕ್ಕಾ ಕಟ್ಟಡಕ್ಕೆ ಹೋಗಿ. ಇಲ್ಲವಾದರೆ ತಗ್ಗಿನಲ್ಲಿ ಕಾಲು ಜೋಡಿಸಿ ಕುಕ್ಕರಗಾಲಲ್ಲಿ ಕೂರಿ.

8. ಬಯಲನ್ನು ಬರಡು ಎನ್ನಬೇಡಿ. ಮೈಸೂರು ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ದನಗಳ ಇಲಾಖೆಗೆ ಟಿಪ್ಪು ಅಮೃತ್ ಮಹಲ್ ಎಂದು ಹೆಸರಿಟ್ಟ. ಅದರ ದನಗಳನ್ನು ಸಾಕಿದ್ದು ಈ ಕಾವಲುಗಳ ಹುಲ್ಲು. ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರದಲ್ಲಿ ಆ ತಳಿ ಇಂದಿಗೂ ಉಳಿದಿದೆ. ಕೃಷ್ಣಮೃಗ, ತೋಳಗಳಿಗೂ ಈ ಹುಲ್ಲೇ ಮನೆ. ಟಿಟ್ಟಿಭ ಹಕ್ಕಿ ಬರೀ ನೆಲದ ಮೇಲೆ ಮೊಟ್ಟೆಯಿಡುತ್ತದೆ; ಅದು ತಲೆಯ ಮೇಲೆ ಸುತ್ತುತ್ತಾ ಕೂಗಿದರೆ ಹೆಜ್ಜೆ ಹಿಂದಿಡಿ. ಬೀಡಿ, ಬೆಂಕಿಕಡ್ಡಿ ತರಲೇಬೇಡಿ. ಒಣಹುಲ್ಲಿಗೆ ಒಂದು ಕಿಡಿ ಸಾಕು.

9. ಅರ್ಧ ನೀರಿಗೆ ತಿರುಗಿ. ಎಲ್ಲಕ್ಕಿಂತ ಮುಖ್ಯ ಸೂತ್ರವಿದು. ನೀರು ಅರ್ಧಕ್ಕಿಳಿದರೆ ಅಥವಾ ಗಂಟೆ ಹನ್ನೆರಡಾದರೆ, ಯಾವುದು ಮೊದಲೋ ಆಗ ಹಿಂದಿರುಗಿ. ಮುಂದಿನ ತೋಪು ಎಷ್ಟೇ ಕರೆದರೂ ಸರಿ. ಒಂಟಿಯಾಗಿ ನಡೆಯುವಾಗ ಸಾಕು ಎನ್ನಲು ಜೊತೆಗಾರರಿಲ್ಲ, ಆ ಮಾತನ್ನು ನಿಮಗೆ ನೀವೇ ಹೇಳಿಕೊಳ್ಳಬೇಕು. ಬುತ್ತಿಗಂಟು ಖಾಲಿಯಾಗಿ, ಬಾಟಲಿಯ ತಳದಲ್ಲಿ ಎರಡು ಗುಟುಕು ಉಳಿದಿರುವಾಗ, ಮನೆಯವರು ದೀಪ ಹಚ್ಚುವ ಹೊತ್ತಿಗೆ ಹೊಸ್ತಿಲು ದಾಟಿದರೆ ನೀವು ಗೆದ್ದಿರಿ.