ಗೇಮ್ ಬಾಯ್‌ಗೆ ಹೊಸ ಪವರ್ ಬೋರ್ಡು: ಮೊದಲು ಮೀಟರು, ಆಮೇಲೆ ಸೋಲ್ಡರು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ಜಾತ್ರೆಗಳಲ್ಲಿ ಅಡ್ಡಾಡಿ ಬೆಳೆದವರಿಗೆ ಕೈಯಲ್ಲಿ ಹಿಡಿದು ಆಡುವ ಆಟವೆಂದರೆ ಇಟ್ಟಿಗೆ ಜೋಡಿಸುವ ಬ್ರಿಕ್ ಗೇಮ್. ಅದು ಕೆಟ್ಟರೆ ಬಿಚ್ಚಿ ನೋಡುವಂಥದ್ದು ಒಳಗೆ ಹೆಚ್ಚೇನೂ ಇರಲಿಲ್ಲ. ಅದರ ದೊಡ್ಡಣ್ಣ ನಿಂಟೆಂಡೊ ಗೇಮ್ ಬಾಯ್. ಗುನ್ಪೆ ಯೊಕೊಯ್ ಅವರ ತಂಡ ರೂಪಿಸಿ, 1989ರ ಏಪ್ರಿಲ್‌ನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಬೂದು ಬಣ್ಣದ ದಪ್ಪ ಡಬ್ಬಿ ಇದು. ಗಲ್ಫ್‌ನಿಂದ ಬಂದ ಮಾಮಾ ಕೊಟ್ಟದ್ದೋ, ಈಗ ಸೆಕೆಂಡ್‌ಹ್ಯಾಂಡ್‌ನಲ್ಲಿ ತರಿಸಿದ್ದೋ, ಅಂಥದ್ದೊಂದು ನಿಮ್ಮ ಕೈಗೆ ಬಂದು ಆನ್ ಆಗದೆ ಕೂತಿದ್ದರೆ ಈ ಪಾಠ ನಿಮಗೇ. ಸೋಲ್ಡರಿಂಗ್ ಐರನ್ ಹಿಡಿದು ಅಭ್ಯಾಸವಿಲ್ಲದಿದ್ದರೂ ಅಡ್ಡಿಯಿಲ್ಲ. ಆದರೆ ಮಲ್ಟಿಮೀಟರ್ ಇಲ್ಲದೆ ಶುರುಮಾಡಬೇಡಿ.

ಮೊದಲು ಒಳಗೆ ನಡೆಯುವುದೇನು ನೋಡೋಣ. ಇದಕ್ಕೆ ಗೋಡೆ ಗಡಿಯಾರಕ್ಕೆ ಹಾಕುವಂಥ ಡಬಲ್ ಎ ಸೆಲ್ಲು ನಾಲ್ಕು ಬೇಕು. ಹೊಸದಾಗಿದ್ದಾಗ ಒಂದೊಂದೂ 1.5 ವೋಲ್ಟ್, ಒಟ್ಟು 6. ಆಡುತ್ತಾ ಹೋದಂತೆ ಅದು ಇಳಿಯುತ್ತದೆ. ರೀಚಾರ್ಜ್ ಮಾಡುವ ಸೆಲ್ಲು ಹಾಕಿದರೆ ಶುರುವಿನಲ್ಲೇ 4.8ರ ಆಸುಪಾಸು. ಒಳಗಿನ ಚಿಪ್ಪಿಗೋ ಯಾವಾಗಲೂ 5 ವೋಲ್ಟೇ ಬೇಕು. ಈ ಏರಿಳಿತವನ್ನು ಸರಿಮಾಡುವುದಕ್ಕೆ ಮುಖ್ಯ ಬೋರ್ಡಿನ ಮೇಲೆ ಬೇರೆಯದೇ ಒಂದು ಪುಟ್ಟ ಬೋರ್ಡು ಕೂಡಿಸಿದ್ದಾರೆ. ನಮ್ಮ ಮನೆಗಳಲ್ಲಿ ಕರೆಂಟು ಕುಸಿದಾಗ ಫ್ರಿಜ್ಜು ಕಾಯುವ ಸ್ಟೆಬಿಲೈಜರ್ ಮಾಡುವ ಕೆಲಸವನ್ನೇ ಅದು ಮಾಡುತ್ತದೆ.

ಜೊತೆಗೆ ಇನ್ನೊಂದು ಕೆಲಸವೂ ಅದರದೇ, ಹೊಸಬರು ಎಡವುವುದು ಅಲ್ಲೇ. ಹಳೆಯ ಎಲ್‌ಸಿಡಿ ಪರದೆಯಲ್ಲಿ ಚಿತ್ರ ಕಪ್ಪಾಗಿ ಮೂಡಬೇಕಾದರೆ ಸುಮಾರು ಮೈನಸ್ 19 ವೋಲ್ಟ್ ಬೇಕು. ಅದನ್ನೂ ಈ ಬೋರ್ಡೇ ಹುಟ್ಟಿಸುತ್ತದೆ. ಹಾಗಾಗಿ ಇದಕ್ಕೆ ನಾಲ್ಕು ಕಾಲು: ಸೆಲ್ಲಿನಿಂದ ಬರುವುದು ಒಂದು, ಗ್ರೌಂಡ್ ಒಂದು, 5 ವೋಲ್ಟ್ ಒಂದು, ಮೈನಸ್ 19 ಒಂದು.

ಇಷ್ಟು ಗೊತ್ತಿದ್ದರೆ ಬಿಚ್ಚುವ ಮೊದಲೇ ಅರ್ಧ ರೋಗ ತಿಳಿಯುತ್ತದೆ. ಸ್ವಿಚ್ ಹಾಕಿದಾಗ 'ಟಿಂಗ್' ಎಂಬ ಸದ್ದು ಬಂದು ಪರದೆ ಮಾತ್ರ ಖಾಲಿ ಇದೆಯೇ? ಹಾಗಾದರೆ 5 ವೋಲ್ಟ್ ಸರಿಯಿದೆ, ಮೈನಸ್ 19ರ ಕಡೆ ನೋಡಿ. ಅದಕ್ಕೂ ಮುಂಚೆ ಕಾಂಟ್ರಾಸ್ಟ್ ಚಕ್ರ ತಿರುಗಿಸಿ ನೋಡಿ. ಎಷ್ಟೋ ಸಲ ಅಷ್ಟೇ ಆಗಿರುತ್ತದೆ. ಸದ್ದೂ ಇಲ್ಲ, ಕೆಂಪು ದೀಪ ಮಿಣುಕಿ ಆರುತ್ತದೆ ಎಂದಾದರೆ ಸೆಲ್ಲಿನಿಂದ ಬೋರ್ಡಿನವರೆಗಿನ ದಾರಿಯನ್ನು ಮೊದಲು ಅನುಮಾನಿಸಿ. ಬೋರ್ಡಿನ ಸರದಿ ಆಮೇಲೆ.

ಆ ದಾರಿಯಲ್ಲಿ ಕಳ್ಳರು ಇಬ್ಬರು. ಒಬ್ಬ, ಸೋರಿದ ಸೆಲ್ಲು. ಸ್ಪ್ರಿಂಗಿನ ಮೇಲೆ ಬಿಳಿ ಹುಡಿ, ಹಸಿರು ಕಿಲುಬು ಕಾಣುತ್ತದೆ. ಆಲ್ಕಲೈನ್ ಸೆಲ್ಲು ಸೋರಿದ್ದರೆ ಅದು ಕ್ಷಾರ. ನಿಂಬೆರಸವೋ ವಿನೆಗರ್ರೋ ಒಂದು ಹನಿ ಹತ್ತಿಗೆ ತಾಗಿಸಿ ಒರೆಸಿದರೆ ಬಿಡುತ್ತದೆ. ರಿಮೋಟಿಗೆ ಹಾಕುವ ಅಗ್ಗದ ಜಿಂಕ್-ಕಾರ್ಬನ್ ಸೆಲ್ಲಿನದು ತುಸು ಆಮ್ಲ. ಅದಕ್ಕೆ ಹುಳಿ ಹಚ್ಚಿ ಉಪಯೋಗವಿಲ್ಲ, ಚಿಟಿಕೆ ಅಡುಗೆ ಸೋಡಾ ಸಾಕು. ಯಾವುದಾದರೂ ಸರಿ, ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ ಒಣಗಿಸಬೇಕು.

ಎರಡನೆಯವ, ಪವರ್ ಸ್ವಿಚ್. ನಮ್ಮ ಸಿಮೆಂಟ್ ಊರುಗಳಲ್ಲಿ ಎಲ್ಲದಕ್ಕೂ ಧೂಳನ್ನೇ ಬಯ್ಯುವ ರೂಢಿ. ಇಲ್ಲಿ ಹೆಚ್ಚಿನ ತಪ್ಪು ಸ್ವಿಚ್ಚಿನೊಳಗಿನ ತಗಡಿಗೆ ಕಟ್ಟಿದ ಆಕ್ಸೈಡ್‌ನದು. ಅದೇ ಆಲ್ಕೊಹಾಲ್ ಎರಡು ಹನಿ ಬಿಟ್ಟು ಇಪ್ಪತ್ತು ಮೂವತ್ತು ಸಲ ಆಚೀಚೆ ಸರಿಸಿ. ಆಮೇಲೆ ಡಬ್ಬಿ ಬಿಚ್ಚಿ (ಬಿಚ್ಚುವ ಬಗೆ ಮುಂದಿದೆ), ಸ್ವಿಚ್ ಆನ್ ಇಟ್ಟುಕೊಂಡೇ ಅಳೆಯಿರಿ: ಸೆಲ್ಲಿನ ತುದಿಯಲ್ಲಿ ಎಷ್ಟು, ಸ್ವಿಚ್ ದಾಟಿದ ಮೇಲೆ ಎಷ್ಟು? ಆಫ್ ಇಟ್ಟು ಅಳೆದರೆ ನಷ್ಟ ತಿಳಿಯುವುದಿಲ್ಲ, ಕರೆಂಟು ಹರಿಯುವಾಗಲೇ ಅದು ಬಯಲಾಗುವುದು. ಅರ್ಧ ವೋಲ್ಟ್ ಅಲ್ಲೇ ಕಳೆದುಹೋಗುತ್ತಿದ್ದರೆ ಹೊಸ ಬೋರ್ಡಿಗೆ ಹಣ ಸುರಿದೂ ಫಲವಿಲ್ಲ.

ಇದೆಲ್ಲ ಸರಿಯಿದ್ದು, ಒಳಗೆ 6 ಬಂದು ಹೊರಗೆ 5 ಬರುತ್ತಿಲ್ಲವೆಂದರೆ ಬೋರ್ಡಿಗೇ ವಯಸ್ಸಾಗಿದೆ. ಸಾಮಾನ್ಯವಾಗಿ ಸೋಲುವುದು ಅದರ ಮೇಲಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು. ಅವುಗಳೊಳಗೆ ದ್ರವವಿರುತ್ತದೆ, ವರ್ಷಗಳಲ್ಲಿ ಅದು ಆರುತ್ತದೆ. ಬಿಸಿ 10 ಡಿಗ್ರಿ ಏರಿದರೆ ಇವುಗಳ ಆಯಸ್ಸು ಅರ್ಧಕ್ಕಿಳಿಯುತ್ತದೆ ಎಂಬುದು ಎಲೆಕ್ಟ್ರಾನಿಕ್ಸ್‌ನವರ ಲೆಕ್ಕ. ಮೇ ತಿಂಗಳಲ್ಲಿ 42–43 ಡಿಗ್ರಿ ಮುಟ್ಟುವ ನಮ್ಮ ಕಡೆ, ಶಹಾಬಾದಿ ಪರಸಿಯ ಮಾಳಿಗೆ ಕೆಳಗಿನ ಕಬ್ಬಿಣದ ಕಪಾಟಿನಲ್ಲಿ ಮೂವತ್ತು ಬೇಸಿಗೆ ಕಳೆದ ಕೆಪಾಸಿಟರಿನ ಗತಿ ನೀವೇ ಊಹಿಸಿ. ಕೆಪಾಸಿಟರ್ ಮಾತ್ರ ಬದಲಿಸಿಯೂ ಬದುಕಿಸಬಹುದು. ಹೊಸದು 105 ಡಿಗ್ರಿಯದಿರಲಿ, ವೋಲ್ಟೇಜ್ ಹಳೆಯದರಷ್ಟೋ ಹೆಚ್ಚೋ ಇರಲಿ, ಪಟ್ಟೆ ಇರುವ ಕಡೆ ಮೈನಸ್. ಹೈದರಾಬಾದಿನ ಕೋಠಿಯಲ್ಲಿ ಇವು ಸಿಗುತ್ತವೆ. ವಾಡಿ, ಚಿತ್ತಾಪುರ, ಸೇಡಂನವರಿಗೆ ಸಿಕಂದರಾಬಾದ್ ರೈಲು ಹತ್ತಿದರಾಯಿತು. ಚಿಂಚೋಳಿಯವರಿಗೆ ಬಸ್ಸೇ ಗತಿ.

ಇಡೀ ಬೋರ್ಡನ್ನೇ ಬದಲಿಸುವುದಾದರೆ ಕೊಳ್ಳುವಾಗ ಒಂದು ಪ್ರಶ್ನೆ ಕೇಳಲೇಬೇಕು: ಇದು ಮೈನಸ್ 19 ಕೊಡುತ್ತದೆಯೇ? ಈಗಿನವರು ಹಳೆಯ ಪರದೆ ತೆಗೆದು ಒಳಗಿಂದ ಬೆಳಗುವ ಐಪಿಎಸ್ ಪರದೆ ಹಾಕುತ್ತಾರೆ. ಅದಕ್ಕೆ ಮೈನಸ್ ವೋಲ್ಟ್ ಬೇಡ, ಆದ್ದರಿಂದ ಬರೀ 5 ವೋಲ್ಟ್ ಕೊಡುವ ಬೋರ್ಡುಗಳೂ ಮಾರುಕಟ್ಟೆಯಲ್ಲಿವೆ. ಅಂಥದ್ದನ್ನು ಮೂಲ ಪರದೆಗೆ ಹಾಕಿದರೆ ಸದ್ದು ಚೆನ್ನಾಗಿ ಬರುತ್ತದೆ, ಚಿತ್ರ ಮಾತ್ರ ಬರುವುದಿಲ್ಲ. ಐಪಿಎಸ್ ಪರದೆ ಹಾಕಿದವರ ಕಷ್ಟ ಬೇರೆ: ಅದು ಎಳೆಯುವ ಕರೆಂಟು ಹೆಚ್ಚು, ಹಳೆಯ ಬೋರ್ಡು ಬಿಸಿಯಾಗಿ ಆಟ ನಡುವೆಯೇ ನಿಂತುಹೋಗಬಹುದು. ಅವರು ಹೊಸ ಬೋರ್ಡು ಹಾಕುವುದೇ ಒಳ್ಳೆಯದು. ಮೂಲ ಪರದೆಯಲ್ಲೇ ಆಡುವವರಿಗೆ ನಾನು ಕೆಪಾಸಿಟರ್ ದಾರಿಯನ್ನೇ ಹೇಳುವುದು.

ಬಿಚ್ಚುವಾಗ ಹಿಂಬದಿಯಲ್ಲಿ ಆರು ಸ್ಕ್ರೂ, ಅದರಲ್ಲಿ ಎರಡು ಸೆಲ್ಲಿನ ಗೂಡಿನೊಳಗೆ. ಸೆಲ್ಲು ತೆಗೆದೇ ಕೆಲಸ. ಎರಡು ಹೋಳುಗಳನ್ನು ಒಂದು ರಿಬ್ಬನ್ ಹಿಡಿದಿರುತ್ತದೆ, ಜಗ್ಗಬೇಡಿ. ಸಾಕೆಟ್ಟಿನಿಂದ ನೇರವಾಗಿ ಬಿಡಿಸಿ. ಪುಟ್ಟ ಬೋರ್ಡಿನ ಕಾಲುಗಳಿಗೆ ಮೊದಲು ಹೊಸ ಸೋಲ್ಡರ್ ಸ್ವಲ್ಪ ಸೇರಿಸಿ, ಹಳೆಯದು ಬೇಗ ಕರಗುತ್ತದೆ. ಕರಗಿದ ಸೋಲ್ಡರನ್ನು ಹೀರುವ ಪಂಪಿನಿಂದ ಒಂದೊಂದು ಕಾಲಿನಿಂದಲೂ ಎಳೆದು ತೆಗೆಯಿರಿ. ಗ್ರೌಂಡ್ ಕಾಲು ಅಗಲವಾದ ತಾಮ್ರಕ್ಕೆ ಅಂಟಿರುವುದರಿಂದ ತಡವಾಗಿ ಕಾಯುತ್ತದೆ. ಅಲ್ಲಿ ಸಹನೆ ಕೆಟ್ಟು ಬೋರ್ಡು ಎತ್ತಿದರೆ ತಾಮ್ರದ ಬಿಲ್ಲೆಯೇ ಎದ್ದು ಬರುತ್ತದೆ, ಆಮೇಲೆ ತಂತಿ ಎಳೆಯುವ ರಗಳೆ.

ಹೊಸದನ್ನು ಕೂಡಿಸಿ, ಡಬ್ಬಿ ಮುಚ್ಚುವ ಮುನ್ನವೇ ಸೆಲ್ಲು ಹಾಕಿ ಅಳೆಯಿರಿ. ಕಪ್ಪು ಮುಳ್ಳು ಗ್ರೌಂಡಿಗೆ, ಕೆಂಪು ಮುಳ್ಳು ಒಂದೊಂದು ಕಾಲಿಗೆ. ಹತ್ತು ನಿಮಿಷ ಆಟ ಓಡಿಸಿ ಮತ್ತೆ ಅಳೆಯಿರಿ. 5 ಹಾಗೇ ನಿಂತಿದ್ದರೆ ಮುಚ್ಚಬಹುದು.

ಸೆಲ್ಲಿನ ಖರ್ಚು ಉಳಿಸಲು ಅಡಾಪ್ಟರ್ ಹುಡುಕುವವರು ಗಮನಿಸಿ: ಗೇಮ್ ಬಾಯ್ ಪಿನ್ನಿನಲ್ಲಿ ನಡುವೆ ಮೈನಸ್, ಸುತ್ತ ಪ್ಲಸ್. ಅಂಗಡಿಯಲ್ಲಿ ಸಿಗುವ ಅಡಾಪ್ಟರ್‌ಗಳಲ್ಲಿ ಹೆಚ್ಚಿನವು ಇದರ ಉಲ್ಟಾ. ಅದರ ಮೇಲಿನ ಪುಟ್ಟ ಚಿತ್ರ ನೋಡಿ, 6 ವೋಲ್ಟ್ ಇದೆಯೇ ಎಂದು ಮೀಟರಿನಲ್ಲೂ ಖಚಿತಪಡಿಸಿಕೊಂಡೇ ಚುಚ್ಚಿ.